ಏಳಕ್ಕೆ ಒತ್ತಿದ್ದು, ಒಂಬತ್ತಕ್ಕೆ ತಲುಪಿದ್ದು

ಆ ಕಾಗದವನ್ನು ಮುದ್ರಿಸಿ ಕೊಟ್ಟವಳು ನಾನೇ. ಖಾನಾಪುರದ ಆಚೆ, ಮಲಪ್ರಭೆಯ ದಂಡೆಯ ಮೇಲಿನ ಒಂದು ಊರಿನ ಪಂಚಾಯ್ತಿ ಕಚೇರಿಯಲ್ಲಿ ಕುಳಿತು, ನಾನು ಮಾರಿದ, ಫೋನಿನಿಂದ ಮೋಟಾರು ನಡೆಸುವ ಪೆಟ್ಟಿಗೆಯ ಮೆಮೊರಿಯಿಂದ ಒಂದೇ ಒಂದು ಸಾಲನ್ನು ಹೊರಗೆ ತೆಗೆದೆ. ಅವರ ಪ್ರಿಂಟರಿನಲ್ಲೇ ಮುದ್ರಿಸಿ ಕೆಳಗೆ ನನ್ನ ಅಂಗಡಿಯ ಶಿಕ್ಕೆ ಒತ್ತಿದೆ. ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ, ಮೋಟಾರು ಚಾಲೂ, ಆಜ್ಞೆ ಬಂದದ್ದು ನೀರು ಬಿಡುವವನ ಫೋನಿನಿಂದ. ಅಷ್ಟೇ ಬರಹ. ಹಿಂದಿನ ದಿನ ಅದೇ ಒಂಬತ್ತೂ ಇಪ್ಪತ್ತಕ್ಕೆ ಊರಿನ ಕುಡಿಯುವ ನೀರಿನ ಬಾವಿಯ ಮೋಟಾರು ಮೆಕ್ಯಾನಿಕ್‌ನ ಎರಡು ಬೆರಳುಗಳನ್ನು ತೆಗೆದುಕೊಂಡಿತ್ತು.

"ಯಂತ್ರ ಸುಳ್ಳ ಹೇಳಂಗಿಲ್ರಿ" ಎಂದು ಅಧ್ಯಕ್ಷರಿಗೆ ಹೇಳಿದವಳೂ ನಾನೇ.

ಅವರು ಕಾಗದವನ್ನು ಎರಡು ಸಲ ಓದಿ, ನೀರು ಬಿಡುವವನನ್ನು ಅಲ್ಲೇ ಕೆಲಸದಿಂದ ನಿಲ್ಲಿಸಿದರು. ನಾನು ಲ್ಯಾಪ್‌ಟಾಪ್ ಮಡಚಿ, ಅವರು ಕೊಟ್ಟ ಚಹಾ ಕುಡಿದು, ಬೆಳಗಾವಿಯ ಬಸ್ಸು ಹತ್ತಿದೆ. ಪಾರಾದೆ ಎನ್ನಿಸಿತ್ತು. ಅದನ್ನು ಈಗ ಬರೆಯುವಾಗ ಕೈ ಹಿಂದೆ ಬರುತ್ತದೆ, ಆದರೆ ಅನ್ನಿಸಿದ್ದು ಅದೇ.

ನನ್ನದು ಬೆಳಗಾವಿಯ ಮಿಲಿಟರಿ ಕ್ಯಾಂಪ್‌ನ ಅಂಚಿನಲ್ಲಿ ಒಂದು ಸಣ್ಣ ಅಂಗಡಿ. ಅಪ್ಪ ಅಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಬಂಗಲೆಗಳ ಹಳೆಯ ಫ್ಯಾನುಗಳು, ಹಳ್ಳಿಗಳ ಪಂಪುಗಳು, ಎಲ್ಲ ಬರುತ್ತಿದ್ದವು. ಹತ್ತನೆಯ ಇಯತ್ತೆ ಮುಗಿಸಿ ನಾನೂ ಸುತ್ತಲು ಕುಳಿತೆ. ಹೆಣ್ಣುಮಗಳು ಸುತ್ತಿದ ಮೋಟಾರು ಎಂದು ಜನ ಮೊದಮೊದಲು ಬೆಲೆ ಇಳಿಸಿ ಕೇಳುತ್ತಿದ್ದರು. ನಾನು ಏರಿಸಿ ಹೇಳಲು ಕಲಿತೆ. ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ಒಂದು ಮಾತು: ಗಿರಾಕಿ ಬೆಲೆಗಿಂತ ಮೊದಲು ವಸ್ತುವಿನ ದೋಷ ಕೇಳಿದರೆ ಹೆದರಬೇಡಿ, ಅವನು ಕೊಳ್ಳಲೆಂದೇ ಬಂದಿದ್ದಾನೆ. ದೋಷವನ್ನೇ ಕೇಳದೆ ಹೊಗಳುವವನು ಬರೀ ಹೊತ್ತು ಕಳೆಯಲು ಬಂದವನು.

ತಂತಿ ಸುತ್ತುವ ಕೆಲಸ ಕಡಿಮೆಯಾದಾಗ ಫೋನಿನಿಂದ ಮೋಟಾರು ಚಾಲೂ ಮಾಡುವ ಪೆಟ್ಟಿಗೆಗೆ ಕೈಹಾಕಿದೆ. ಪೆಟ್ಟಿಗೆಯೊಳಗೆ ಒಂದು ಸಿಮ್, ಅಂಗೈ ಅಗಲದ ಒಂದು ಬೋರ್ಡು, ಮುಂದೆ ಒಂದು ಹಸಿರು ದೀಪ. ಹೊಲದ ಬಾವಿಗೆ, ಪಂಚಾಯ್ತಿಯ ಬಾವಿಗೆ ಮತ್ತೆ ಮತ್ತೆ ಎಡತಾಕುವುದು ತಪ್ಪುತ್ತದೆ. ಅದರೊಳಗಿನ ಪ್ರೋಗ್ರಾಮು ನನ್ನದಲ್ಲ. ಅದು ಓಪನ್ ಸೋರ್ಸ್. ಯಾರೋ ಬರೆದು ಎಲ್ಲರ ಎದುರು ತೆರೆದಿಟ್ಟದ್ದು, ಯಾರು ಬೇಕಾದರೂ ಓದಿ, ತಿದ್ದಿ, ಬಳಸಬಹುದಾದದ್ದು. ಅದನ್ನು ಓದುತ್ತ ಓದುತ್ತಲೇ ನಾನು ಪ್ರೋಗ್ರಾಮು ಕಲಿತದ್ದು, ಅರ್ಧ ಇಂಗ್ಲಿಷು ಕಲಿತದ್ದೂ ಹಾಗೆಯೇ.

ಅದು ಕೆಲಸ ಮಾಡುವ ರೀತಿಯನ್ನು ನಾನು ಗಿರಾಕಿಗಳಿಗೆ ಹೀಗೆ ಹೇಳುತ್ತಿದ್ದೆ. ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಡಬ್ಬಿ ಕಳಿಸುವ ರೂಢಿ ಇದೆಯಲ್ಲ. ಖಾನಾಪುರದ ಸ್ಟ್ಯಾಂಡಿನಲ್ಲಿ ಹೆಂಡತಿ ರೊಟ್ಟಿಯ ಡಬ್ಬಿ ಕೊಟ್ಟು ಮನೆಗೆ ಹೋಗುತ್ತಾಳೆ, ಗಂಡ ಬೆಳಗಾವಿಯಲ್ಲಿ ಬಸ್ಸು ಬಂದಾಗ ಇಸಿದುಕೊಳ್ಳುತ್ತಾನೆ. ಮುಟ್ಟಿತೋ ಇಲ್ಲವೋ ಎಂದು ಆಕೆ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಲ್ಲುವುದಿಲ್ಲ. ಫೋನಿನಲ್ಲಿ ನೀವು ಒತ್ತಿದ ಆಜ್ಞೆಯೂ ಹಾಗೆಯೇ. ಅದು ಮೊದಲು ದೂರದ ಒಂದು ಸರ್ವರಿಗೆ ಹೋಗುತ್ತದೆ, ಸರ್ವರು ಅದನ್ನು ಪೆಟ್ಟಿಗೆಗೆ ಮುಟ್ಟಿಸುತ್ತದೆ. ನೀವು ಕಾಯಬೇಕಿಲ್ಲ. ಈ ಹೋಲಿಕೆ ಕೇಳಿ ಜನ ತಲೆದೂಗುತ್ತಿದ್ದರು, ಪೆಟ್ಟಿಗೆ ಹೋಗುತ್ತಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ಡಬ್ಬಿಯ ಗತಿಯೇನು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಾಗದ ಕೊಟ್ಟು ಬಂದ ಮೂರನೆಯ ದಿನ, ಗುರುವಾರ, ನೀರು ಬಿಡುವವ ನನ್ನ ಅಂಗಡಿಗೆ ಬಂದ. ಐವತ್ತರ ಸುಮಾರಿನವ. ಅವನ ಹಿರಿಯರು ಕುರಿ ಕಾದವರು. ಮನೆತನದಲ್ಲಿ ತಿಂಗಳ ಪಗಾರ ಕಂಡ ಮೊದಲನೆಯವ ಇವನೇ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತುಕೊಂಡ.

"ಬರ್ರಿ, ಕುಂದರ್ರಿ" ಅಂದೆ.

"ಕುಂದರಾಕ ಬಂದಿಲ್ರಿ ಅಕ್ಕಾರ. ಒಂದ್ ಮಾತ ಕೇಳಿ ಹೊಕ್ಕೇನಿ."

"ಕೇಳ್ರಿ."

"ಮೋಟಾರ್ ಚಾಲೂ ಆಗಿದ್ರ ನಾ ಮೆಕ್ಯಾನಿಕ್‌ಗ ಯಾಕ ಫೋನ್ ಹಚ್ಚತಿದ್ನಿ?"

ಅವನು ಫೋನು ತೆಗೆದು ನನ್ನ ಮೇಜಿನ ಮೇಲಿಟ್ಟ. ಆ ಸೋಮವಾರದ ಕರೆಗಳ ಪಟ್ಟಿ. ಏಳು ಗಂಟೆ ಹತ್ತು ನಿಮಿಷಕ್ಕೆ ಮೆಕ್ಯಾನಿಕ್‌ಗೆ ಕರೆ.

"ಏಳಕ್ಕ ಒತ್ತೇನಿ. ಚಾಲೂ ಆಗ್ಲಿಲ್ಲ. ಮೋಟಾರ್ ಜಾಮ್ ಆಗೇತಂತ ತಿಳ್ದು ಅವಗ ಫೋನ್ ಹಚ್ಚೇನಿ. ಅವ ಒಂಬತ್ತಕ್ಕ ಬಂದಾನ. ನಾನ ಕರದು, ನಾನ ನನ್ನ ಗೆಳ್ಯಾನ ಕೈ ಮುರೀಲೇನ್ರಿ?"

"ಒಂಬತ್ತೂ ಇಪ್ಪತ್ತಕ್ಕ ನಿಮ್ಮ ಕೈಯಾಗ ಫೋನ್ ಇತ್ತಂತ ನಾಕ್ ಮಂದಿ ಹೇಳ್ತಾರಲ್ರಿ."

"ಇತ್ರಿ. ನೀರ ಯಾಕ ಬರವಲ್ದಂತ ಊರ ಹೆಣ್ಮಕ್ಕಳೆಲ್ಲಾ ಫೋನ್ ಹಚ್ಚಿ ಬೈಯಾಕತ್ತಿದ್ರು. ಬೈಸ್ಕೋತ ನಿಂತಿದ್ನಿ."

"ಏಳಕ್ಕ ಒತ್ತಿ ಆಗ್ಲಿಲ್ಲಂದ್ರ, ಬಂದ್ ಯಾಕ ಒತ್ತಲಿಲ್ಲ?"

ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. "ಚಾಲೂನ ಆಗದ್ದನ್ನ ಬಂದ್ ಯಾಕ ಮಾಡ್ಲಿ?"

"ಕಾಗದದಾಗ ಒಂಬತ್ತೂ ಇಪ್ಪತ್ತ ಅಂತ ಐತಿ."

"ನಿಮ್ಮ ಕಾಗದ ನೀವ ಓದ್ಕೋರಿ. ನನ್ನ ಬಟ್ಟ ನನಗ ಗೊತ್ತೈತಿ" ಅಂದ, ಒತ್ತಿದ ಬೆರಳನ್ನು ಎತ್ತಿ ತೋರಿಸಿ. ಚಪ್ಪಲಿ ಮೆಟ್ಟುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದ: "ಮಂಗಳವಾರ ಮೀಟಿಂಗ್ ಐತ್ರಿ. ನನ್ನ ಜಾಗಾಕ್ಕ ಬ್ಯಾರೇದಾವನ್ನ ತಗೋತಾರಂತ."

ಚೌಕಾಸಿಗೆ ಬರುವವರ ಬಳಿ ಯಾವಾಗಲೂ ಎರಡನೆಯ ಬೆಲೆಯೊಂದು ಕಿಸೆಯಲ್ಲಿರುತ್ತದೆ. ಮುಖ ನೋಡಿಯೇ ನಾನು ಅದನ್ನು ಗುರುತಿಸುತ್ತೇನೆ, ಇಷ್ಟು ವರ್ಷ ಅನ್ನ ತಿಂದದ್ದೇ ಆ ಕಣ್ಣಿನಿಂದ. ಅವನ ಬಳಿ ಎರಡನೆಯದು ಇರಲಿಲ್ಲ. ಅದೇ ನನ್ನನ್ನು ಕಾಡಿತು.

ಅಂದು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಅಂಥದೇ ಇನ್ನೊಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮೋಟಾರಿನ ಬದಲು ಒಂದು ಬಲ್ಬು ಕಟ್ಟಿದೆ. ಫೋನಿನಲ್ಲಿ ಒತ್ತಿದೆ, ಬಲ್ಬು ಹತ್ತಿತು. ಬಂದ್ ಒತ್ತಿದೆ, ಆರಿತು. ಐವತ್ತು ಸಲ ಒತ್ತಿದೆ. ಒಂದು ಸಲವೂ ತಪ್ಪಲಿಲ್ಲ. ಕರೆಂಟು ತೆಗೆದು ಹಾಕಿದೆ, ಸಿಮ್ ಬದಲಿಸಿದೆ, ಒಳಗಿನ ರಿಲೇ ಸ್ವಿಚ್ಚು ಬದಲಿಸಿದೆ. ಅಂಗಡಿಯಲ್ಲಿ ಎಲ್ಲವೂ ಸರಿ, ಹಳ್ಳಿಯಲ್ಲಿ ಮಾತ್ರ ತಪ್ಪು. ಇಂಥ ದೋಷ ಹುಡುಕುವವರಿಗೆ ಒಂದು ಮಾತು: ನಿಮ್ಮ ಮೇಜಿನ ಮೇಲೆ ಎಲ್ಲ ಸರಿಯಿದ್ದರೆ ಸಮಾಧಾನಪಡಬೇಡಿ. ದೋಷ ಅಲ್ಲಿಲ್ಲ ಎಂದಷ್ಟೇ ಅದರ ಅರ್ಥ.

ನಾನು ಮಾಡಿದ್ದೇನೆಂದರೆ, ಬೇರೆಯವರ ತಲೆಗೆ ಕಟ್ಟಲು ನೋಡಿದೆ. ಆ ಪ್ರೋಗ್ರಾಮಿಗೆ ಒಂದು ಸಾರ್ವಜನಿಕ ಪುಟವಿದೆ. ಬಳಸುವವರು ಅಲ್ಲಿ ದೋಷಗಳನ್ನು ಬರೆಯುತ್ತಾರೆ, ಜಗತ್ತಿನವರೆಲ್ಲ ಓದಬಹುದು. ಅದನ್ನು ನೋಡಿಕೊಳ್ಳುವವಳು ಯಾವುದೋ ದೂರದ ದೇಶದವಳು. ಪಗಾರವಿಲ್ಲ, ಹಂಗಿಲ್ಲ, ತನ್ನ ಬಿಡುವಿನಲ್ಲಿ ಉತ್ತರಿಸುತ್ತಾಳೆ. ಆಕೆಗೆ ನಾನು ಸಂತೆಯಲ್ಲಿ ಕೊಳೆತ ಬದನೆಕಾಯಿ ಕೊಟ್ಟವಳನ್ನು ಜಾಡಿಸುವ ಹಾಗೆ ಬರೆದೆ. ನಿಮ್ಮ ಪ್ರೋಗ್ರಾಮು ತಾನಾಗಿಯೇ ಮೋಟಾರು ಚಾಲೂ ಮಾಡಿದೆ, ಒಬ್ಬನ ಬೆರಳು ಹೋಗಿವೆ, ಏನು ಹೇಳುತ್ತೀರಿ?

ಮರುದಿನ ಬೆಳಿಗ್ಗೆ ಉತ್ತರವಿತ್ತು. ಬೈಗುಳಕ್ಕೆ ಬೈಗುಳವಿರಲಿಲ್ಲ. ಮೂರೇ ಸಾಲು. ಸರ್ವರಿನ ಪೂರ್ತಿ ದಾಖಲೆ ಕಳಿಸಿ. ಆ ಹೊತ್ತಿನಲ್ಲಿ ಸಂಪರ್ಕ ಕಡಿದಿತ್ತೇ ನೋಡಿ. ಮೂಲ ಪ್ರೋಗ್ರಾಮಿನಲ್ಲಿ ನೀವೇನಾದರೂ ಬದಲಿಸಿದ್ದೀರಾ?

ಮೂರನೆಯದಕ್ಕೆ ನಾನು ತಕ್ಷಣ ಬರೆದೆ: ಇಲ್ಲ.

ಮರೆತಿದ್ದೆ ಎಂದು ಹೇಳಿಕೊಳ್ಳಬಹುದು. ಪೂರ್ತಿ ಸುಳ್ಳೂ ಆಗದು, ಬದಲಿಸಿ ಎರಡು ವರ್ಷವಾಗಿತ್ತು. ಆದರೆ ಆ ಎರಡಕ್ಷರ ಬರೆಯುವಾಗ ಬೆರಳು ಒಂದು ಕ್ಷಣ ತಡೆಯಿತು. ತಡೆದದ್ದು ನೆನಪಿದೆ. ಪೂರ್ತಿ ಮರೆತವರ ಬೆರಳು ತಡೆಯುವುದಿಲ್ಲ.

ಶನಿವಾರ ಬೆಳಿಗ್ಗೆ ಅಧ್ಯಕ್ಷರ ಫೋನು ಬಂತು. ಬಹಳ ಖುಷಿಯಲ್ಲಿದ್ದರು.

"ಅಕ್ಕಾರ, ಮಂಗಳವಾರ ನೀವೂ ಬರ್ರಿ. ಎಲ್ಲಾರ ಮುಂದ ಪೆಟಿಗಿ ಬರೋಬರ್ ಐತಿ ಅಂತ ಒಂದ್ ಮಾತ ಹೇಳಿಬಿಡ್ರಿ. ಮುಂದ ಸುತ್ತಿನ ಏಳೂ ವಾಡಿಗಿ, ಹಳ್ಳಿಗೊಂದರಂಗ, ಏಳ್ ಪೆಟಿಗಿ ಹಾಕೂಣು."

"ಆ ನೀರು ಬಿಡಾಂವ ಏನಂತಾನ್ರಿ?"

"ಏನಂತಾನ, ಏಳಕ್ಕ ಒತ್ತೇನಿ ಅಂತ ಅದನ್ನ ಹಾಡಾಕತ್ತಾನ. ನಿಮ್ಮ ಪೆಟಿಗಿಗಿಂತ ಅವನ ನೆನಪ ದೊಡ್ಡದೇನ್ರಿ?"

ಏಳು ಪೆಟ್ಟಿಗೆಯ ಗಿರಾಕಿಯನ್ನು ನಾನು ಯಾವತ್ತೂ ತಿರುಗಿ ಕಳಿಸಿದವಳಲ್ಲ. ಬರುತ್ತೇನೆ ಎಂದೆ. ಫೋನಿಟ್ಟ ಮೇಲೆ, ಮನಸ್ಸಿನ ಕಿರಿಕಿರಿ ಮುಗಿಸಿಕೊಳ್ಳಲೆಂದೇ, ಆ ದೂರದವಳು ಕೇಳಿದ್ದ ಸರ್ವರಿನ ದಾಖಲೆಯನ್ನು ಇಳಿಸಿಕೊಂಡೆ.

ಸರ್ವರಿನ ದಾಖಲೆ ಎಂದರೆ ಸಾವಿರಾರು ಸಾಲು. ಯಾವ ಪೆಟ್ಟಿಗೆ ಯಾವಾಗ ಬಂದು ಸೇರಿತು, ಯಾವಾಗ ಕಡಿಯಿತು, ಯಾರ ಆಜ್ಞೆ ಬಂತು, ಎಲ್ಲ. ಅದರಲ್ಲಿ ಆ ಸೋಮವಾರದ ಒಂಬತ್ತೂ ಇಪ್ಪತ್ತನ್ನು ಹುಡುಕಿದೆ. ಏನೂ ಇರಲಿಲ್ಲ. ಏಳು ಗಂಟೆಯನ್ನು ಹುಡುಕಿದೆ, ಅಲ್ಲೂ ಇಲ್ಲ. ನೋಡಿದೆಯಾ, ಅವನು ಏಳಕ್ಕೆ ಒತ್ತೇ ಇಲ್ಲ ಎಂದುಕೊಂಡು ಮುಚ್ಚಲು ಹೊರಟಿದ್ದೆ. ಆಗ ಒಂದು ಸಾಲು ಕಣ್ಣಿಗೆ ಬಿತ್ತು: ಒಂದು ಗಂಟೆ ಮೂವತ್ತೆರಡು ನಿಮಿಷ, ಅವನ ಫೋನಿನಿಂದ ಚಾಲೂ ಆಜ್ಞೆ. ಸರಿರಾತ್ರಿ ಒಂದೂವರೆಗೆ ಯಾರು ಊರಿಗೆ ನೀರು ಬಿಡುತ್ತಾರೆ?

ಸರ್ವರಿನ ಗಡಿಯಾರ ನಮ್ಮದಲ್ಲ ಎಂಬುದು ಆಗ ಹೊಳೆಯಿತು. ಅದು ನಮಗಿಂತ ಐದೂವರೆ ತಾಸು ಹಿಂದೆ ನಡೆಯುತ್ತದೆ. ಅಂಗಡಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕೂಡಿಸಿದೆ. ಒಂದೂ ಮೂವತ್ತೆರಡಕ್ಕೆ ಐದೂ ಮೂವತ್ತು ಸೇರಿದರೆ ಏಳು ಗಂಟೆ ಎರಡು ನಿಮಿಷ. ಅವನು ಒತ್ತಿದ್ದ. ಮೇಲೆ, ಕೆಳಗೆ ಓದುತ್ತ ಹೋದೆ: ಪೆಟ್ಟಿಗೆಯ ಸಂಪರ್ಕ ಬೆಳಗಿನ ಆರೂವರೆಯಿಂದಲೇ ಕಡಿದಿತ್ತು. ಪೆಟ್ಟಿಗೆಯ ಸಿಮ್ಮಿನ ಟವರು ಬಿದ್ದಿರಬೇಕು, ಅವನ ಫೋನಿನದು ಬೇರೆ ಕಂಪನಿ, ಅದು ನಡೆದಿತ್ತು. ಆಜ್ಞೆ ಸರ್ವರಿನಲ್ಲಿ ಬಂದು ಕುಳಿತಿತ್ತು. ಆಮೇಲೆ ಮೂರು ಗಂಟೆ ಐವತ್ತು ನಿಮಿಷ, ಅಂದರೆ ನಮ್ಮ ಒಂಬತ್ತೂ ಇಪ್ಪತ್ತು: ಪೆಟ್ಟಿಗೆ ಮತ್ತೆ ಸಂಪರ್ಕಕ್ಕೆ ಬಂತು, ಕಾದಿದ್ದ ಆಜ್ಞೆಯನ್ನು ಮುಟ್ಟಿಸಲಾಯಿತು.

ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ. ಡಬ್ಬಿ ಕೈಗೆ ಬಂದ ಹೊತ್ತನ್ನು ಬರೆದಿಟ್ಟಿತ್ತು. ಅದನ್ನು ಕಳಿಸಿದ ಹೊತ್ತು ಎಂದು ಓದಿ, ಶಿಕ್ಕೆ ಒತ್ತಿ ಕೊಟ್ಟವಳು ನಾನು.

ಕಣ್ಣಾರೆ ನೋಡಬೇಕೆನ್ನಿಸಿತು. ಬೆಳಗಾವಿಯಲ್ಲಿ ಸಿಗ್ನಲ್ಲು ಜೋರು, ಆಂಟೆನಾ ಕಿತ್ತರೂ ನುಸುಳಿ ಬರುತ್ತದೆ. ಆಂಟೆನಾ ತಿರುವಿ ತೆಗೆದು, ಪೆಟ್ಟಿಗೆಯನ್ನು ಅಪ್ಪನ ಕಬ್ಬಿಣದ ಟ್ರಂಕಿನಲ್ಲಿಟ್ಟು, ಕರೆಂಟಿನ ಮತ್ತು ಬಲ್ಬಿನ ತಂತಿ ಮಾತ್ರ ಹೊರಗೆ ಬಿಟ್ಟು ಮುಚ್ಚಳ ಹಾಕಿದೆ. ಫೋನಿನಲ್ಲಿ ಚಾಲೂ ಒತ್ತಿದೆ. ಬಲ್ಬು ಹತ್ತಲಿಲ್ಲ. ಫೋನನ್ನು ಕಪಾಟಿನಲ್ಲಿಟ್ಟು, ಬಾಜೂ ಅಂಗಡಿಯಲ್ಲಿ ಚಹಾ ಕುಡಿದು, ಅರ್ಧ ತಾಸಿನ ಮೇಲೆ ಬಂದೆ. ಟ್ರಂಕು ತೆರೆದು ಪೆಟ್ಟಿಗೆ ನೋಡಿದೆ. ಅರ್ಧ ತಾಸಿನಿಂದ ಸಂಪರ್ಕವೇ ಇಲ್ಲ, ಆದರೂ ಮುಂದಿನ ದೀಪ ಹಸಿರು. ಆಂಟೆನಾ ಹಾಕಿದೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ, ನನ್ನ ಎರಡೂ ಕೈ ತೊಡೆಯ ಮೇಲಿರುವಾಗ, ಬಲ್ಬು ಹತ್ತಿತು.

ಆ ಜಾಗದಲ್ಲಿ ಕೈಯಿದ್ದರೆ ಎಂದು ಯೋಚಿಸಬಾರದೆಂದುಕೊಂಡರೂ ಯೋಚನೆ ಬಂತು. ಮೋಟಾರು ಜಾಮ್ ಆಗಿದೆಯೇ ಎಂದು ನೋಡಲು ಮೆಕ್ಯಾನಿಕ್ ಅದರ ದಂಡವನ್ನು, ಅಂದರೆ ಶಾಫ್ಟನ್ನು, ಕೈಯಿಂದ ತಿರುಗಿಸುತ್ತಿದ್ದನಂತೆ.

ಇನ್ನು ಉಳಿದದ್ದು ದೂರದವಳ ಮೂರನೆಯ ಪ್ರಶ್ನೆ. ಪ್ರೋಗ್ರಾಮನ್ನು ತೆರೆದೆ. ಮೂಲದಲ್ಲಿ ಆಕೆ ಬರೆದ ಒಂದು ಸಾಲಿದೆ: ಆಜ್ಞೆಯೊಂದು ಮೂವತ್ತು ಸೆಕೆಂಡಿನೊಳಗೆ ಮುಟ್ಟದಿದ್ದರೆ ಎಸೆದುಬಿಡು. ನನ್ನ ಪ್ರತಿಯಲ್ಲಿ ಆ ಮೂವತ್ತರ ಜಾಗದಲ್ಲಿ ಸೊನ್ನೆಯಿತ್ತು. ಸೊನ್ನೆ ಎಂದರೆ ಎಂದೂ ಎಸೆಯಬೇಡ. ಅದರ ಕೆಳಗೆ ದೀಪದ ಸಾಲು. ಸಂಪರ್ಕ ಕಡಿದಾಗ ಮಿಣುಕಬೇಕಾದ ಹಸಿರು ದೀಪ ಮಿಣುಕದಂತೆ ಮಾಡಿತ್ತು. ಎರಡರ ಬಾಜೂ ನನ್ನದೇ ಟಿಪ್ಪಣಿ: "ಗಿರಾಕಿ ತಕರಾರು. ತಾತ್ಕಾಲಿಕ."

ನಂದಗಡದ ಒಂದು ಹೊಲದಲ್ಲಿ ಎರಡು ವರ್ಷದ ಹಿಂದೆ ಆದದ್ದು. ರೈತನೊಬ್ಬ ಒತ್ತಿದ, ಸಿಗ್ನಲ್ಲಿಲ್ಲದೆ ಆಜ್ಞೆ ಬಿದ್ದುಹೋಯಿತು, ದೀಪ ಮಿಣುಕಿತು. "ಏನವ್ವಾ, ನಿನ್ನ ಪೆಟಿಗಿ ಕಣ್ಣ ಹೊಡ್ಯಾಕತ್ತೈತಿ" ಎಂದು ಸುತ್ತ ನಿಂತವರು ನಕ್ಕರು. ವ್ಯಾಪಾರ ಮುರಿಯಿತು. ಮರಳಿ ಬಂದವಳೇ ಎರಡೂ ಸಾಲು ಬದಲಿಸಿದೆ. ಆಮೇಲೆ ಒತ್ತಿದ್ದು ತಡವಾಗಿಯಾದರೂ ಮುಟ್ಟುತ್ತಿತ್ತು, ದೀಪ ಸದಾ ಹಸಿರು. ಒಬ್ಬನೂ ನಗಲಿಲ್ಲ. ಮೆಚ್ಚುಗೆಯ ಮಾತುಗಳೂ ಬಂದವು.

ಇದಿಷ್ಟೇ ಅಲ್ಲ. ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳದೊಂದು ಕ್ರಮವಿದೆ. ಮೋಟಾರು ಮುಟ್ಟುವ ಮೊದಲು ಗೋಡೆಯ ಮೂರೂ ಫ್ಯೂಜು ಕಿತ್ತು ತಮ್ಮ ಅಂಗಿಯ ಕಿಸೆಯಲ್ಲಿ ಹಾಕಿಕೊಳ್ಳುತ್ತಾರೆ. ಕೆಲಸ ಮುಗಿದು, ಕೈ ಒರೆಸಿಕೊಂಡು, ತಾವೇ ಹಾಕುತ್ತಾರೆ. ಮತ್ತೊಬ್ಬರ ಕೈಗೆ ಕೊಡುವುದಿಲ್ಲ. ಅಪ್ಪನೂ ಹಾಗೆಯೇ ಮಾಡುತ್ತಿದ್ದ, ಊಟಕ್ಕೆ ಬಂದಾಗಲೂ ಕಿಸೆಯಲ್ಲಿ ಅವು ಗಲಗಲ ಎನ್ನುತ್ತಿದ್ದವು. ಆ ಊರಿನಲ್ಲಿ ಪೆಟ್ಟಿಗೆ ಹಾಕುವ ದಿನ ಅದೇ ಮೆಕ್ಯಾನಿಕ್ ಫ್ಯೂಜು ಕೀಳಲು ಹೋದಾಗ ನಾನು ನಕ್ಕಿದ್ದೆ. "ಇನ್ನ ಅದರ ಗೊಡವಿ ಬಿಡ್ರಿ. ದೀಪ ಹಸರ ಇದ್ರ ಮೋಟಾರ್ ನಿಮ್ಮ ಮಾತ ಕೇಳತೈತಿ." ಎಲ್ಲರೆದುರು ಹೇಳಿದ್ದೆ. ಅವನು ಆ ಸೋಮವಾರ ಹಸಿರು ದೀಪ ನೋಡಿದ, ಫ್ಯೂಜು ಕೀಳಲಿಲ್ಲ.

ಭಾನುವಾರ ಪೂರ್ತಿ ನಾನು ಏನೂ ಮಾಡಲಿಲ್ಲ. ಬರೆದುಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬರೆಯುತ್ತೇನೆ. ಆ ಭಾನುವಾರ ನನ್ನೊಳಗೇ ಚೌಕಾಸಿ ನಡೆಸಿದೆ. ಸೊನ್ನೆಯನ್ನು ಮೂವತ್ತು ಮಾಡಿ, ದೀಪ ಸರಿಪಡಿಸಿ, ದೂರದಿಂದಲೇ ಎಲ್ಲ ಪೆಟ್ಟಿಗೆಗಳಿಗೆ ಹೊಸ ಪ್ರೋಗ್ರಾಮು ಕಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ನೀರು ಬಿಡುವವನಿಗೆ ಬೆಳಗಾವಿಯಲ್ಲಿ ಬೇರೆ ಕೆಲಸ ಹುಡುಕಿ ಕೊಡಬಹುದು, ಇದಕ್ಕಿಂತ ಹೆಚ್ಚಿನ ಪಗಾರದ್ದು. ಅಥವಾ ಟವರಿನ ಕಂಪನಿಯ ಮೇಲೆ ಹಾಕಬಹುದು. ಅಥವಾ ಆ ದೂರದವಳ ಮೇಲೆ. ಪುಟದಲ್ಲಿ ನಾನು ಬರೆದ 'ಇಲ್ಲ' ಹಾಗೇ ನಿಂತರೆ ಸಾಕು. ಒಂದೊಂದೂ ಲಾಭದ ಸೌದಾ ಅನ್ನಿಸಿ, ಮರುಗಳಿಗೆಗೆ ಅವನ ಮಾತು ನೆನಪಾಗುತ್ತಿತ್ತು: ನನ್ನ ಬಟ್ಟ ನನಗ ಗೊತ್ತೈತಿ. ಬೇರೆ ಕೆಲಸ ಕೊಡಿಸಿದರೂ, ಗೆಳೆಯನ ಕೈ ಮುರಿದವ ಎಂಬ ಹೆಸರನ್ನು ಅವನು ಆ ಊರಿನಲ್ಲೇ ಹೊತ್ತು ತಿರುಗಬೇಕು. ಅದಕ್ಕೆ ನನ್ನ ಶಿಕ್ಕೆ ಬಿದ್ದಿದೆ.

ಸೋಮವಾರ ಮಧ್ಯಾಹ್ನ ಆ ಪುಟದಲ್ಲಿ ಬರೆದೆ. ನಾನು ಸುಳ್ಳು ಹೇಳಿದೆ. ಎರಡು ಸಾಲು ಬದಲಿಸಿದ್ದೆ, ಅವು ಇಲ್ಲಿವೆ, ಬದಲಿಸಿದ್ದು ಪೆಟ್ಟಿಗೆ ಮಾರಲಿಕ್ಕಾಗಿ. ದೋಷ ನಿಮ್ಮದಲ್ಲ. ಸರ್ವರಿನ ದಾಖಲೆಯನ್ನೂ, ಟ್ರಂಕಿನ ಪರೀಕ್ಷೆಯನ್ನೂ ಹಂತಹಂತವಾಗಿ ಬರೆದೆ. ಒಂದು ತಾಸಿನೊಳಗೆ ಉತ್ತರ ಬಂತು. ಆಕೆ ಕೇಳಿದ್ದು ಒಂದೇ: ಆ ಮನುಷ್ಯನ ಕೈ ಈಗ ಹೇಗಿದೆ?

ನನಗೆ ಗೊತ್ತಿರಲಿಲ್ಲ. ಒಂದು ವಾರ ಆಗಿತ್ತು, ನಾನು ಒಮ್ಮೆಯೂ ವಿಚಾರಿಸಿರಲಿಲ್ಲ.

ಮಂಗಳವಾರ ಟ್ರಂಕು ಬಿಟ್ಟು, ಪೆಟ್ಟಿಗೆ, ಬಲ್ಬು, ತಂತಿ ಇಷ್ಟನ್ನೇ ಚೀಲದಲ್ಲಿ ಹಾಕಿಕೊಂಡು ಹೊರಟೆ. ಆ ಊರಿನ ಬಡ ಸಿಗ್ನಲ್ಲಿಗೆ ಆಂಟೆನಾ ತೆಗೆದರೇ ಸಾಕು. ಪಂಚಾಯ್ತಿಯ ಕೋಣೆಯಲ್ಲಿ ಸದಸ್ಯರೆಲ್ಲ ಕುಳಿತಿದ್ದರು. ಮೆಕ್ಯಾನಿಕ್ ಗೋಡೆಗೆ ಒರಗಿದ್ದ, ಬಲಗೈ ಬಿಳಿಯ ಬಟ್ಟೆಯ ಗಂಟು. ನೀರು ಬಿಡುವವ ಬಾಗಿಲ ಬಳಿ ನಿಂತಿದ್ದ.

"ಬರ್ರಿ ಅಕ್ಕಾರ, ಹೇಳ್ರಿ, ನಿಮ್ಮ ಪೆಟಿಗಿ ಬರೋಬರ್ ಐತಿಲ್ಲೋ?" ಎಂದರು ಅಧ್ಯಕ್ಷರು.

"ತೋರಸ್ತೇನ್ರಿ" ಎಂದೆ. ಬಲ್ಬು ಕಟ್ಟಿ ಮೇಜಿನ ನಡುವೆ ಇಟ್ಟು, ಆಂಟೆನಾ ತಿರುವಿ ಕಿಸೆಗೆ ಹಾಕಿಕೊಂಡೆ. ನೀರು ಬಿಡುವವನನ್ನು ಕರೆದು, ಅವನ ಫೋನಿಗೆ ಈ ಪೆಟ್ಟಿಗೆಯನ್ನು ಜೋಡಿಸಿ, ಅದರಲ್ಲೇ ಚಾಲೂ ಒತ್ತಿಸಿದೆ. ಬಲ್ಬು ಹತ್ತಲಿಲ್ಲ. ಆ ಫೋನನ್ನು ಅಧ್ಯಕ್ಷರ ಕೈಗೆ ಕೊಟ್ಟೆ. "ಇದನ್ನ ನೀವ ಹಿಡ್ಕೋರಿ. ಯಾರಿಗೂ ಕೊಡಬ್ಯಾಡ್ರಿ."

"ಮುಂದ?"

"ಚಹಾ ತರಸ್ರಿ. ಕುಡ್ಯೂಣು."

ಚಹಾ ಬಂತು. ಅವರು ಬೇರೆ ವಿಷಯ ತೆಗೆದರು, ಗಟಾರಿನದು, ಸ್ಮಶಾನದ ದಾರಿಯದು. ನೀರು ಬಿಡುವವ ಬಲ್ಬಿನಿಂದ ಕಣ್ಣು ತೆಗೆಯಲಿಲ್ಲ. ಅರ್ಧ ತಾಸು ಕಳೆದ ಮೇಲೆ ನಾನು ಎದ್ದು ಆಂಟೆನಾ ಹಾಕಿ, ಎರಡು ಹೆಜ್ಜೆ ಹಿಂದೆ ಬಂದು ಕೈ ಕಟ್ಟಿ ನಿಂತೆ. ಆ ಊರಿನಲ್ಲಿ ಸಂಪರ್ಕ ಸಿಗಲು ಬಹಳ ಹೊತ್ತು ಹಿಡಿಯಿತು. ಒಬ್ಬ ಸದಸ್ಯರು ಆಕಳಿಸಿದರು.

ಬಲ್ಬು ಹತ್ತಿತು.

ಅಧ್ಯಕ್ಷರು ಕೈಯಲ್ಲಿನ ಫೋನು ನೋಡಿದರು, ಬಲ್ಬು ನೋಡಿದರು. "ನಾ ಒತ್ತಿಲ್ರೀ" ಎಂದರು. ಗಾಬರಿಯಲ್ಲಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಅವನೂ ಒತ್ತಿರಲಿಲ್ರಿ" ಎಂದೆ. "ಒಂಬತ್ತೂ ಇಪ್ಪತ್ತಕ್ಕ ಯಾರೂ ಒತ್ತಿಲ್ಲ. ಅವ ಏಳಕ್ಕ ಒತ್ತಿದ್ದು ಅವಾಗ ಮುಟ್ಟೇತಿ. ನನ್ನ ಕಾಗದ ತಪ್ಪ ಐತಿ. ಪೆಟಿಗಿ ಒಳಗ ತಪ್ಪ ಮಾಡಿದಾಕಿನೂ ನಾನ."

ಬಸ್ಸು, ಕಂಡಕ್ಟರ್, ಡಬ್ಬಿ ಎಂದು ಬಿಡಿಸಿ ಹೇಳಿದೆ. ಮೂವತ್ತು ಸೆಕೆಂಡಿಗೆ ಎಸೆಯಬೇಕಾದ ಡಬ್ಬಿಯನ್ನು ಎಸೆಯಬೇಡ ಎಂದು ನಾನು ಹೇಳಿಟ್ಟದ್ದನ್ನೂ ಹೇಳಿದೆ. ಆಗ ಬಾಗಿಲ ಕಡೆಯಿಂದ ನೀರು ಬಿಡುವವನ ದನಿ ಬಂತು. "ಹಳಸಿದ್ರ ನಾವು ಮೂಸಿ ನೋಡಿ ನಾಯಿಗಿ ಹಾಕ್ತೇವ್ರಿ. ನಿಮ್ಮ ಪೆಟಿಗಿಗಿ ಮೂಗ ಇಲ್ಲೇನ್ರಿ?"

"ಇತ್ರಿ" ಎಂದೆ. "ನಾನ ಕೊಯ್ದಿದ್ನಿ."

ಮೆಕ್ಯಾನಿಕ್ ಅಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವನು ತಿರುಗಿದ್ದು ನೀರು ಬಿಡುವವನ ಕಡೆಗೆ. "ಏಳ್ ದಿನ ಆತು, ನಿನ್ನ ಕೂಡ ಮಾತ ಬಿಟ್ಟು" ಎಂದ. "ಇರ್ಲಿ ಬಿಡೋ" ಎಂದ ಇವನು.

ಅಂದೇ ನೀರು ಬಿಡುವವನನ್ನು ಮರಳಿ ತೆಗೆದುಕೊಂಡರು. ನನ್ನ ಕಾಗದವನ್ನು ಹರಿಯಬಾರದು, ಅದರ ಬೆನ್ನಿಗೇ ತಪ್ಪೆಂದು ಬರೆದು ಸಹಿ ಮಾಡಬೇಕು ಎಂದು ಅವನು ಹಟ ಹಿಡಿದ. ಬರೆದೆ. ಏಳು ಪೆಟ್ಟಿಗೆಯ ಮಾತನ್ನು ಯಾರೂ ಎತ್ತಲಿಲ್ಲ.

ಆಮೇಲೆ ಬಾವಿಗೆ ಹೋದೆವು, ಹಾಕಿದ ಪೆಟ್ಟಿಗೆಯನ್ನು ಬಿಚ್ಚಬೇಕಿತ್ತು. ನಾನು ಸ್ಕ್ರೂಡ್ರೈವರ್ ತೆಗೆಯುವಷ್ಟರಲ್ಲಿ ಮೆಕ್ಯಾನಿಕ್ ಭುಜದಿಂದ ನನ್ನನ್ನು ಪಕ್ಕಕ್ಕೆ ಸರಿಸಿದ. ಎಡಗೈಯಿಂದ, ಅಭ್ಯಾಸವಿಲ್ಲದ ಕೈಯಿಂದ, ಗೋಡೆಯ ಫ್ಯೂಜುಗಳನ್ನು ಒಂದೊಂದಾಗಿ ಕಿತ್ತ. ಒಂದು ಕೈಜಾರಿ ಬಿತ್ತು, ನೀರು ಬಿಡುವವ ಬಗ್ಗಿ ಎತ್ತಿಕೊಟ್ಟ. ಮೂರನ್ನೂ ಕಿಸೆಗೆ ಹಾಕಿಕೊಳ್ಳಲು ನೋಡಿದ. ಅಂಗಿಯ ಕಿಸೆ ಎಡಗಡೆ, ಇದ್ದ ಕೈಯೂ ಎಡದ್ದೇ. ಎರಡು ಸಲ ಪ್ರಯತ್ನಿಸಿ, ಮೂರನ್ನೂ ನನ್ನ ಅಂಗೈಯಲ್ಲಿ ಹಾಕಿದ.

"ಹಿಡ್ಕೊಂಡ್ ನಿಂದರ್ರಿ. ನಾ ಅನ್ನೂತನಾ ಯಾರಿಗೂ ಕೊಡಬ್ಯಾಡ್ರಿ. ನಾ ಅಂದ್ರೂ, ನನ್ನ ಮಾರಿ ನೋಡಿ ಕೊಡ್ರಿ."

ಪೆಟ್ಟಿಗೆ ಬಿಚ್ಚಿದವ ನೀರು ಬಿಡುವವ. ಮೆಕ್ಯಾನಿಕ್ ಬಾಯಿಯಿಂದ ಹೇಳಿ ಮಾಡಿಸಿದ, ಹಳೆಯ ಹಿಡಿಕೆಯ ಸ್ಟಾರ್ಟರನ್ನು ಮತ್ತೆ ಕೂಡಿಸಿದರು. ನಾನು ಆ ಮುಕ್ಕಾಲು ತಾಸು ಪಿಂಗಾಣಿಯ ಮೂರು ಫ್ಯೂಜು ಹಿಡಿದು ಬಾವಿಕಟ್ಟೆಯ ಮೇಲೆ ನಿಂತಿದ್ದೆ. ಬೆವರಿಗೆ ಅವು ಜಾರುತ್ತಿದ್ದವು.

"ಕೊಡ್ರಿ" ಎಂದ ಮೆಕ್ಯಾನಿಕ್.

ನಾನು ಅವನ ಮುಖ ನೋಡಿದೆ, ಆಮೇಲೆ ಕೊಟ್ಟೆ.